ಗಡಿಸೀಮೆಯಲ್ಲಿ ಸಂಧಿವಾತದ ಶುಶ್ರೂಷೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ, ಆಳಂದದ ಕಡೆಯ ಅಂಚಿಗೆ ಇರುವ ವಾಗದರಿಯಂಥ ಊರಿನ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ರಾಜ್ಯಗಳ ಚರಿತ್ರೆಯನ್ನೇ ಬರೆದು ಮುಗಿಸುತ್ತಾರೆ. ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನ ಒಂದು ಕಡೆ, ನಿಜಾಮನ ಸೀಮೆ ಮತ್ತೊಂದು ಕಡೆ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು. 1956ರಲ್ಲಿ ಭಾಷಾವಾರು ಪ್ರಾಂತಗಳು ಏರ್ಪಟ್ಟಾಗ ಮನೆಮನೆಯಲ್ಲಿ ಕನ್ನಡವಾಡುವ ಈ ನೆಲ ಮರಾಠಿಯ ಆಡಳಿತಕ್ಕೇ ಉಳಿದುದು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ ತಾಲ್ಲೂಕನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿಯೂ ಅದು ಕಾರ್ಯಗತವಾಗದೆ ಹೋದುದು. ಇವೆಲ್ಲ ಬರೆಯತಕ್ಕ ಸಂಗತಿಗಳೇ. ಆದರೆ ಈ ಗಡಿಗಳೆಲ್ಲ ಸರಿದಾಡುತ್ತಿದ್ದ ಕಾಲದಲ್ಲಿ, ಒಳಮನೆಯ ಹಾಸಿಗೆಯಲ್ಲಿ ಕೀಲುಗಳೆಲ್ಲ ಹಿಡಿದು ಮಲಗಿದ್ದ ಹೆಂಗಸನ್ನು ಎಬ್ಬಿಸಿ ಕೂರಿಸಿದವರು ಯಾರು, ಅವಳ ಬಾಯಿಗೆ ಗಂಜಿಯ ಬಟ್ಟಲನ್ನು ಹಿಡಿದವರು ಯಾರು, ಅವಳ ಮೊಣಕಾಲು ಮಡಚಿದಂತೆಯೇ ಸೆಟೆದು ನಿಲ್ಲದ ಹಾಗೆ ನೋಡಿಕೊಂಡವರು ಯಾರು ಎಂಬುದು ಯಾವ ದಫ್ತರದಲ್ಲಿಯೂ ಇಲ್ಲ. ಸಂಧಿವಾತದ ಚರಿತ್ರೆಯಲ್ಲಿ ಅರ್ಧಕ್ಕಿಂತ ಮಿಗಿಲಾದ ಭಾಗ ಅಲ್ಲಿಯೇ ಇದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಈ ವ್ಯಾಧಿಗೆ ಹೊತ್ತಿನ ಗುಣವೊಂದುಂಟು. ಮುಪ್ಪಿನಲ್ಲಿ ಮೊಣಕಾಲು ಸವೆದು ಬರುವ ನೋವು ನಡೆದಷ್ಟೂ ಹೆಚ್ಚುವಂಥದು. ಇದಾದರೋ ರಾತ್ರಿಯ ವಿಶ್ರಾಂತಿಯಲ್ಲಿ ಬಲಿತು, ಬೆಳಗಿನ ಜಾವದಲ್ಲಿ ತನ್ನ ಪೂರ್ಣಶಕ್ತಿಯನ್ನು ತೋರಿ, ಸೂರ್ಯನು ಏರಿದಂತೆ ತುಸುತುಸುವೇ ಸಡಿಲುವಂಥದು. ಶರೀರದ ರಕ್ಷಣೆಗೆಂದೇ ಇರುವ ಶಕ್ತಿಯು ದಿಕ್ಕುಗೆಟ್ಟು ಸ್ವಂತ ಕೀಲುಗಳ ಒಳಪೊರೆಯ ಮೇಲೆಯೇ ಬೀಳುವುದು ಇದರ ಮೂಲವೆಂದೂ, ಉರಿಯೂತವನ್ನು ಎಬ್ಬಿಸುವ ದ್ರವ್ಯಗಳು ರಕ್ತದಲ್ಲಿ ನಸುಕಿನ ವೇಳೆಗೇ ಹೆಚ್ಚಾಗಿರುತ್ತವೆಂದೂ ಇಂದಿನ ವೈದ್ಯವಿಜ್ಞಾನವು ಹೇಳುತ್ತದೆ. ಗಂಡಸರಿಗಿಂತ ಹೆಂಗಸರನ್ನು ಇದು ಎರಡು ಮೂರು ಪಟ್ಟು ಹೆಚ್ಚಾಗಿ ಹಿಡಿಯುತ್ತದೆ. ಅದೂ ಮನೆಯ ಭಾರವೆಲ್ಲ ತೋಳಿನ ಮೇಲಿರುವ ನಡುಹರೆಯದಲ್ಲಿ. ಗಿರಣಿಗಳು ಬರುವುದಕ್ಕೆ ಮುಂಚೆ ಈ ಜೋಳದ ಸೀಮೆಯಲ್ಲಿ ಹೆಂಗಸರು ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದುದು ಕೋಳಿ ಕೂಗುವ ಹೊತ್ತಿಗೆ. ಬೀಸಿ ಮುಗಿದೊಡನೆ ಹಿಟ್ಟನ್ನು ನಾದಿ ರೊಟ್ಟಿ ಬಡಿಯಬೇಕು. ಬೆರಳಿನ ಬುಡದ ಗೆಣ್ಣುಗಳೂ ಮಣಿಕಟ್ಟೂ ಬಾತು, ಮುಷ್ಟಿ ಮುಚ್ಚದೆ ಇರುವ ಹೊತ್ತೂ ಅದೇ. ವ್ಯಾಧಿಯ ಅತಿ ಕ್ರೂರವಾದ ಗಳಿಗೆಯೂ ಗೃಹಕೃತ್ಯದ ಅತಿ ಭಾರವಾದ ಗಳಿಗೆಯೂ ಒಂದಾಗಿ ಬಂದುದರಿಂದ ಎಷ್ಟು ಮಂದಿ ಸೊಸೆಯರು ಮೈಗಳ್ಳಿಯರೆಂಬ ಮಾತನ್ನು ಕೇಳಿರಬೇಕೋ ತಿಳಿಯದು. ಮಧ್ಯಾಹ್ನದಲ್ಲಿ ಅವರ ಕೈ ಆಡುತ್ತಿದ್ದುದನ್ನು ಕಂಡವರು ಬೆಳಗಿನ ನೋವನ್ನು ನಂಬುತ್ತಿರಲಿಲ್ಲ.

ವೈದ್ಯನು ರೋಗಿಯನ್ನು ಕಾಣುವುದೂ ಸಾಧಾರಣವಾಗಿ ಹನ್ನೊಂದು ಗಂಟೆಯ ಮೇಲೆಯೇ. ಆ ವೇಳೆಗೆ ಕೀಲುಗಳು ಅರ್ಧ ಸಡಿಲಿರುತ್ತವೆ. ನಸುಕನ್ನು ಕಂಡವರು ಬೇರೆ: ಮನೆಯಲ್ಲಿ ತಾಯಿ, ಮಗಳು, ನೆರೆಮನೆಯ ಮುದುಕಿ, ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿ. ಸಂಧಿವಾತದಲ್ಲಿ ಪರಿಚಾರಿಕೆಗೆ ಇರುವ ವಿಶೇಷ ಸ್ಥಾನವು ಯಾರೋ ದಯೆಯಿಂದ ಕೊಟ್ಟುದಲ್ಲ. ವ್ಯಾಧಿಯ ಸ್ವಭಾವದಿಂದಲೇ ಹುಟ್ಟಿದುದು.

ನಮ್ಮ ಪ್ರಾಚೀನರು ಇದನ್ನು ತತ್ತ್ವತಃ ಬಲ್ಲವರಾಗಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿ ಇವರೊಡನೆ ಉಪಸ್ಥಾತೃವನ್ನೂ, ಎಂದರೆ ಬಳಿಯಲ್ಲಿ ನಿಂತು ಉಪಚರಿಸುವವರನ್ನೂ, ಸಮಾನವಾಗಿ ಎಣಿಸಿ, ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಅವರಿಗೆ ವಿಧಿಸಿದೆ. ಆಮವಾತವನ್ನು ಪ್ರತ್ಯೇಕ ವ್ಯಾಧಿಯೆಂದು ಬಿಡಿಸಿ ವಿವರಿಸಿದುದು ಮಾಧವಕರನ ನಿದಾನಗ್ರಂಥ. ಅದು ಇಂದಿನ ಸಂಧಿವಾತಕ್ಕೆ ಸರ್ವಥಾ ಸಮಾನವೆಂದು ಹೇಳಲಾಗದಿದ್ದರೂ, ಬಹು ಕೀಲುಗಳು ಬಾಯುವುದು, ಮೈ ಜಡವಾಗುವುದು, ಜ್ವರ, ಅರುಚಿ ಇವೆಲ್ಲ ಅಲ್ಲಿ ಒಟ್ಟಿಗೆ ಬಂದಿವೆ. ಹನ್ನೊಂದನೆಯ ಶತಮಾನದ ಚಕ್ರದತ್ತದಲ್ಲಿ ಬರುವ ಚಿಕಿತ್ಸಾಕ್ರಮದಲ್ಲಿ ಲಂಘನ ಮತ್ತು ಸ್ವೇದನಗಳಿಗೆ ಮೊದಲ ಸ್ಥಾನ. ಸ್ವೇದನವೆಂಬುದು ವೈದ್ಯನು ಒಂದು ಮಾತಿನಲ್ಲಿ ಹೇಳಿ ಹೋಗುವ ವಿಧಿ; ಮರಳನ್ನು ಹದವಾಗಿ ಕಾಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ತನ್ನ ಕೈಯ ಹಿಂಬದಿಗೆ ಮುಟ್ಟಿಸಿ ಶಾಖವನ್ನು ಪರೀಕ್ಷಿಸಿ, ಬಾತ ಗೆಣ್ಣಿನ ಮೇಲೆ ಸುಡದಂತೆ ಒತ್ತುವ ಕೆಲಸವು ಉಪಸ್ಥಾತೃವಿನದು. ನಮ್ಮ ಸೀಮೆಯ ಮುದುಕಿಯರು ಉಪ್ಪಿನ ಗಂಟಿನಿಂದ ಕಾವು ಕೊಡುತ್ತಿದ್ದುದೂ, ಔಡಲೆಣ್ಣೆ ಸವರಿದ ಎಕ್ಕೆಯ ಎಲೆಯನ್ನು ಬೆಚ್ಚಗೆ ಮಾಡಿ ಕಟ್ಟುತ್ತಿದ್ದುದೂ ಈ ಪರಂಪರೆಯ ಮನೆಯ ಶಾಖೆಯೇ. ಇವರ ಜೊತೆಗೆ ಕಾದ ಕಬ್ಬಿಣದಿಂದ ಬರೆಯೆಳೆಯುವವರೂ ಇದ್ದರೆಂಬುದನ್ನು ಮರೆಮಾಚಬಾರದು. ಆ ಬರೆಯ ಗಾಯಗಳು ಎಷ್ಟೋ ಮಂದಿಗೆ ಇದ್ದ ವ್ಯಾಧಿಯ ಜೊತೆಗೆ ಮತ್ತೊಂದು ಕಷ್ಟವನ್ನು ತಂದಿವೆ.

ಯೂರೋಪಿನಲ್ಲಿ ಈ ವ್ಯಾಧಿಯ ಲಕ್ಷಣಗಳನ್ನು ಬೇರ್ಪಡಿಸಿ ಬರೆದವನು ಲಾಂದ್ರೆ-ಬೋವೆ. 1800ರಲ್ಲಿ ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಒಂಬತ್ತು ಮಂದಿ ಬಡ ಹೆಂಗಸರನ್ನು ನೋಡಿ ಅವನು ತನ್ನ ಪ್ರಬಂಧವನ್ನು ರಚಿಸಿದನು. ಇಂದಿನ ಇಂಗ್ಲಿಷ್ ಹೆಸರನ್ನು ಕೊಟ್ಟವನು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. ಅದೇ ವರ್ಷದ ಕೊನೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಶುಶ್ರೂಷಾ ಗ್ರಂಥವು ಹೊರಬಂದುದು ಆಕಸ್ಮಿಕವೇ ಆದರೂ ನೆನಪಿಡತಕ್ಕ ಆಕಸ್ಮಿಕ. ಬೆನ್ನಿಗೇ 1860ರಲ್ಲಿ ಅವಳ ದಾದಿಯರ ಶಾಲೆ ತೆರೆಯಿತು; ಸೊಲ್ಲಾಪುರಕ್ಕೆ ರೈಲು ಬಂದುದೂ ಅದೇ ವರ್ಷ.

ರೈಲಿನ ಹಿಂದೆಯೇ ಗಿರಣಿಗಳೂ, ಮಿಶನರಿಗಳೂ, ದವಾಖಾನೆಗಳೂ ಬಂದವು. ಆದರೆ ಶಿಕ್ಷಿತ ದಾದಿಯು ಈ ನಾಡಿಗೆ ಬರಲು ಬಹಳ ಕಾಲ ಹಿಡಿಯಿತು. ಮಲಮೂತ್ರಗಳನ್ನು ಮುಟ್ಟುವ, ಪರಪುರುಷರ ಮೈ ತೊಳೆಯುವ ಕೆಲಸವು ಕುಲಸ್ತ್ರೀಯರಿಗೆ ತಕ್ಕುದಲ್ಲವೆಂಬ ಭಾವನೆ ಎಲ್ಲ ಜಾತಿಗಳಲ್ಲಿಯೂ ಬಲವಾಗಿತ್ತು. ಮುಂಬಯಿಯಲ್ಲಿ 1891ರಲ್ಲಿ ಬಾಯಿ ಕಾಶೀಬಾಯಿ ಗಣಪತ ಎಂಬವರು ತರಬೇತಿಗೆ ಸೇರಿದ ಮೊದಲ ಭಾರತೀಯ ದಾದಿಯೆಂದು ಶುಶ್ರೂಷಾ ಚರಿತ್ರೆಯಲ್ಲಿ ಹೆಸರಾಗಿದ್ದಾರೆ. ಮೀರಜದಲ್ಲಿ ಡಾಕ್ಟರ್ ವಿಲಿಯಂ ವಾನ್‌ಲೆಸ್ಸರು 1894ರಲ್ಲಿ ತೆರೆದ ಮಿಶನ್ ಆಸ್ಪತ್ರೆಗೆ ಬೆಳಗಾವಿ ವಿಜಾಪುರಗಳ ಕಡೆಯ ಕನ್ನಡಿಗರು ಮುಗಿಬಿದ್ದು ಹೋಗುತ್ತಿದ್ದರು. ಪುಣೆಯಲ್ಲಿ ರಮಾಬಾಯಿ ರಾನಡೆಯವರೂ ದೇವಧರರೂ 1909ರಲ್ಲಿ ಕಟ್ಟಿದ ಸೇವಾಸದನವು ಸಸೂನ್ ಆಸ್ಪತ್ರೆಯ ಸಹಕಾರದಿಂದ ಹಿಂದೂ ಹೆಂಗಸರಿಗೆ, ಅವರಲ್ಲಿಯೂ ವಿಧವೆಯರಿಗೆ, ದಾದಿಯ ವಿದ್ಯೆಯನ್ನು ಕೊಡಿಸಿತು. ಸೊಲ್ಲಾಪುರದಲ್ಲಿಯೂ ಅದರ ಶಾಖೆಯೊಂದು ನೆಲೆಯೂರಿತು. ಮನೆಯಲ್ಲಿ ಅಮಂಗಳೆಯೆನಿಸಿಕೊಂಡು ಮೂಲೆ ಹಿಡಿದಿದ್ದ ಸ್ತ್ರೀಯು ರೋಗಿಯ ತಲೆದಿಂಬಿನ ಬಳಿ ಮಂಗಳಮಯಿಯಾಗಿ ನಿಂತ ಆ ಪರಿವರ್ತನೆಯನ್ನು ನಾನು ನಮ್ಮ ಸಾಮಾಜಿಕ ಚರಿತ್ರೆಯ ದೊಡ್ಡ ಘಟನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಸೊಲ್ಲಾಪುರವು ತನ್ನ ವೈದ್ಯಪುತ್ರರಲ್ಲಿ ದ್ವಾರಕಾನಾಥ ಕೋಟ್ಣೀಸರನ್ನು ಹೆಮ್ಮೆಯಿಂದ ನೆನೆಯುತ್ತದೆ, ನೆನೆಯತಕ್ಕುದೇ. 1910ರಲ್ಲಿ ಇಲ್ಲಿ ಹುಟ್ಟಿ, 1938ರಲ್ಲಿ ಚೀನಕ್ಕೆ ತೆರಳಿ, ಯುದ್ಧಭೂಮಿಯ ಗಾಯಾಳುಗಳ ಸೇವೆಯಲ್ಲಿ 1942ರ ಡಿಸೆಂಬರಿನಲ್ಲಿ ಪ್ರಾಣಬಿಟ್ಟ ಆ ಮಹನೀಯರ ಕಥೆ ಚಲನಚಿತ್ರವೂ ಆಯಿತು. ಅವರ ಪತ್ನಿ ಗುವೊ ಚಿಂಗ್‌ಲಾನ್ ಸ್ವತಃ ದಾದಿ. ಅಲ್ಲಿಯ ಆಸ್ಪತ್ರೆಯಲ್ಲಿ ಶುಶ್ರೂಷೆಯನ್ನು ಕಲಿಸುತ್ತಿದ್ದವರು. ಗಂಡನ ಮರಣಾನಂತರ ಸುಮಾರು ಎಪ್ಪತ್ತು ವರ್ಷಗಳ ಕಾಲ ಬದುಕಿದ ಆ ತಾಯಿಯನ್ನು ನಮ್ಮವರು ಕೋಟ್ಣೀಸರ ಹೆಂಡತಿಯೆಂದು ಬಲ್ಲರೇ ಹೊರತು ದಾದಿಯೆಂದು ಬಲ್ಲವರು ಕಡಮೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ದೇಶದ ಆರೋಗ್ಯವನ್ನು ಲೆಕ್ಕ ಹಾಕಿದಾಗ ಇಡೀ ಭಾರತದಲ್ಲಿದ್ದ ದಾದಿಯರು ಸುಮಾರು 7,000. 43,000 ಜನರಿಗೆ ಒಬ್ಬಳು. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ಆ ಕಾಲದ ಪಾಠಪುಸ್ತಕಗಳಲ್ಲಿ ಸಂಧಿವಾತದ ರೋಗಿಯ ಶುಶ್ರೂಷೆಗೆ ಒಂದು ವಿಶಿಷ್ಟ ಶಿಸ್ತೇ ಇದ್ದಿತು. ಔಷಧಗಳು ಅಲ್ಪವಾಗಿದ್ದ ಕಾಲದಲ್ಲಿ ಆ ಶಿಸ್ತೇ ಔಷಧವಾಗಿದ್ದುದರಿಂದ ಅದನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ.

ವ್ಯಾಧಿಯು ಉಲ್ಬಣಿಸಿದಾಗ ರೋಗಿಯನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಇರಿಸುತ್ತಿದ್ದರು. ಹಾಸಿಗೆ ಜಗ್ಗಬಾರದೆಂದು ಅದರ ಕೆಳಗೆ ಹಲಗೆ. ನೋವಿನಿಂದ ಮೊಣಕಾಲನ್ನು ಮಡಚಿಟ್ಟುಕೊಳ್ಳಲು ಬಯಸುವ ರೋಗಿಯು ಕಾಲಿನ ಕೆಳಗೆ ದಿಂಬು ಬೇಕೆಂದು ಅಂಗಲಾಚುತ್ತಾಳೆ. ಕನಿಕರಪಟ್ಟು ದಿಂಬನ್ನು ಕೊಟ್ಟ ದಾದಿಯು ಅವಳನ್ನು ಜನ್ಮಾವಧಿ ಕುಂಟಿಯಾಗಿಸುತ್ತಾಳೆ, ಏಕೆಂದರೆ ಮಡಚಿದ ಕೀಲು ಮಡಚಿದಂತೆಯೇ ಸೆಟೆಯುತ್ತದೆ. ಬೇಡವೆನ್ನುವ ಕಠಿಣ ಕರುಣೆಯನ್ನು ಕಲಿಯುವುದು ಆ ವೃತ್ತಿಯ ಮೊದಲ ಪಾಠ. ಹೊದಿಕೆಯ ಭಾರವೂ ಪಾದಕ್ಕೆ ಸಹಿಸದೆಂದು ಕಾಲ ಕಡೆಗೆ ಕಮಾನಿನಂಥ ಚೌಕಟ್ಟನ್ನಿಟ್ಟು ಅದರ ಮೇಲೆ ಹೊದಿಸುವರು. ಅಂಗಾಲು ಜೋತುಬೀಳದಂತೆ ಹಲಗೆಯ ಆಸರೆ ಕೊಡುವರು. ರಾತ್ರಿಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರಿನ ಪಟ್ಟಿ ಕಟ್ಟಿ, ಹಗಲಲ್ಲಿ ಬಿಚ್ಚಿ, ಬಿಸಿನೀರಿನಲ್ಲಿ ಕೈಯಿಳಿಸಿ ಬೆರಳುಗಳನ್ನು ಒಂದೊಂದಾಗಿ ಆಡಿಸುವರು. ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಮುಚ್ಚದ ಮುಷ್ಟಿಯೂ ಅದನ್ನು ಹಿಡಿಯಬಲ್ಲುದೆಂಬುದನ್ನು ಕಂಡುಕೊಂಡುದು ಯಾವ ಪ್ರಯೋಗಾಲಯವೂ ಅಲ್ಲ.

ಆಸ್ಪಿರಿನ್ ಮಾತ್ರೆಯ ಪ್ರಮಾಣವನ್ನು ರೋಗಿಯ ಕಿವಿಯಲ್ಲಿ ಗುಂಯ್‌ಗುಡುವವರೆಗೆ ಏರಿಸಿ, ಅನಂತರ ತುಸು ಇಳಿಸುವ ಪದ್ಧತಿ ಇದ್ದಿತು. ಆದಕಾರಣ ದಿನವೂ ಕಿವಿಯ ವಿಚಾರವನ್ನು ಕೇಳುವುದು ದಾದಿಯ ಕರ್ತವ್ಯ. ಕೈಯ ಬಲವನ್ನು ಅಳೆಯಲು ರಕ್ತದೊತ್ತಡದ ಪಟ್ಟಿಯನ್ನೇ ಸುರುಳಿ ಸುತ್ತಿ, ಪಾದರಸವನ್ನು 20 ಮಿಲಿಮೀಟರಿಗೆ ಏರಿಸಿ, ರೋಗಿಯ ಅಂಗೈಗೆ ಕೊಟ್ಟು ಹಿಂಡಲು ಹೇಳುವರು. ಪಾದರಸವು ಎಲ್ಲಿಯವರೆಗೆ ಏರಿತೆಂಬುದನ್ನು ದಿನದಿನವೂ ಅದೇ ವೇಳೆಗೆ ಬರೆದಿಟ್ಟರೆ ವ್ಯಾಧಿಯ ಏರಿಳಿತವೆಲ್ಲ ಕಣ್ಣಿಗೆ ಕಟ್ಟುವುದು. 1929ರಿಂದ ಫ್ರಾನ್ಸಿನ ಫಾರೆಸ್ತಿಯೇ ಬಳಕೆಗೆ ತಂದ ಚಿನ್ನದ ಲವಣದ ಚುಚ್ಚುಮದ್ದು ದಶಕಗಳ ಕಾಲ ನಡೆಯಿತು. ಪ್ರತಿ ವಾರವೂ ಅದನ್ನು ಕೊಡುವ ಮುನ್ನ ದಾದಿಯು ರೋಗಿಯ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ತುಂಬಿ, ಸ್ಪಿರಿಟ್ ದೀಪದ ಮೇಲೆ ಅದರ ಮೇಲ್ಭಾಗವನ್ನು ಮಾತ್ರ ಕಾಯಿಸಿ, ಎರಡು ಹನಿ ಆಮ್ಲವನ್ನು ಬಿಟ್ಟು, ಬಿಳಿಯ ಮಬ್ಬು ನಿಂತರೆ ಸೂಜಿಯನ್ನು ಕೆಳಗಿಟ್ಟು ವೈದ್ಯನನ್ನು ಕರೆಯಬೇಕು. ಮೂತ್ರಪಿಂಡಕ್ಕೆ ವಿಷವೇರುತ್ತಿದೆಯೆಂಬುದಕ್ಕೆ ಅದು ಗುರುತು. ಮದ್ದಿನಿಂದಲೇ ಮರಣ ಬಾರದಂತೆ ಬಾಗಿಲಲ್ಲಿ ಕಾವಲು ನಿಂತವಳು ಅವಳು.

1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹೆಂಚ್ ಎಂಬ ವೈದ್ಯನು ಕಾರ್ಟಿಸೋನನ್ನು ಸಂಧಿವಾತದ ರೋಗಿಗೆ ಕೊಟ್ಟಾಗ, ಹಾಸಿಗೆ ಹಿಡಿದವಳು ಕೆಲವೇ ದಿನಗಳಲ್ಲಿ ಎದ್ದು ನಡೆದುದನ್ನು ಕಂಡು ಲೋಕವೇ ಬೆರಗಾಯಿತು. 1950ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವೂ ಬಂದಿತು. ಆ ಬೆರಗಿನ ಬೆಲೆಯನ್ನು ತೆತ್ತವರು ರೋಗಿಗಳು, ಕಂಡವರು ದಾದಿಯರು: ಮುಖ ದುಂಡಾಗುವುದು, ಚರ್ಮ ತೆಳುವಾಗುವುದು, ಮೂಳೆ ಬೆಂಡಾಗುವುದು. ಹಳ್ಳಿಗಳಲ್ಲಿ ಇಂದಿಗೂ ಹೆಸರಿಲ್ಲದ ಪುಡಿಯ ಪೊಟ್ಟಣಗಳಲ್ಲಿ ಇದೇ ಜಾತಿಯ ಔಷಧವು ಗುಟ್ಟಾಗಿ ಸೇರಿರುವುದುಂಟು. ಒಂದು ಪುಡಿಗೆ ನೋವು ಮಾಯವಾಯಿತೆಂದು ಹೊಗಳುವ ಹೆಂಗಸಿನ ಮುಖವನ್ನು ನೋಡಿಯೇ ಬಲ್ಲ ದಾದಿಯು ವಿಷಯವನ್ನು ಗ್ರಹಿಸುತ್ತಾಳೆ. ಆದರೆ ಒಮ್ಮೆಲೇ ನಿಲ್ಲಿಸೆಂದು ಹೇಳುವುದಿಲ್ಲ. ಹಠಾತ್ತಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವೆಂದು ಅವಳಿಗೆ ಗೊತ್ತು.

ಇಂದು ಸಂಧಿವಾತದ ಚಿಕಿತ್ಸೆಗೆ ಆಧಾರಸ್ತಂಭವಾಗಿರುವ ಮೆಥೊಟ್ರೆಕ್ಸೇಟ್ ಔಷಧದ ಹಿಂದೆ ನಮ್ಮ ನೆರೆಯ ತೆಲುಗುನಾಡಿನ ಯಲ್ಲಾಪ್ರಗಡ ಸುಬ್ಬರಾಯರ ಪ್ರತಿಭೆಯಿದೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ಬಳಗವು ಮೊದಲು ರಕ್ತದ ಕ್ಯಾನ್ಸರಿಗೆಂದು ಇಂಥ ಔಷಧಗಳನ್ನು ರೂಪಿಸಿತು. ಅದರ ಕೀರ್ತಿಯನ್ನು ಕಾಣುವ ಮುನ್ನವೇ, 1948ರಲ್ಲಿ, ಅವರು ತೀರಿಕೊಂಡರು. ಸಂಧಿವಾತಕ್ಕೆ ಅಮೆರಿಕದ ಸರಕಾರವು ಅದನ್ನು ಮಾನ್ಯ ಮಾಡಿದುದು 1988ರಲ್ಲಿ. ಈ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು, ಸಾವೂ ಬರಬಹುದು. ಮಾತ್ರೆಯೆಂದರೆ ದಿನವೂ ಹೊತ್ತುಹೊತ್ತಿಗೆ ನುಂಗುವಂಥದೆಂದು ತಿಳಿದಿರುವ ನಮ್ಮ ಜನಕ್ಕೆ ಇದನ್ನು ಮನವರಿಕೆ ಮಾಡಿಕೊಡುವುದು ಅವಸರದ ಎರಡು ನಿಮಿಷಗಳಲ್ಲಿ ಆಗುವ ಕೆಲಸವಲ್ಲ. ಸಂತೆಯ ದಿನಕ್ಕೋ ಸೋಮವಾರಕ್ಕೋ ಅದನ್ನು ಕಟ್ಟಿಕೊಟ್ಟು, ಫೋಲಿಕ್ ಆಮ್ಲದ ಮಾತ್ರೆಯನ್ನು ಬೇರೆ ದಿನಕ್ಕೆ ಗೊತ್ತುಪಡಿಸಿ, ಮನೆಯಲ್ಲಿ ಓದಬಲ್ಲ ಮಗುವಿಗೂ ಅದನ್ನು ಹೇಳಿಹೋಗುವ ಸಿಸ್ಟರು ಎಷ್ಟೋ ಜೀವಗಳನ್ನು ಉಳಿಸುತ್ತಾಳೆ.

ಇದರಲ್ಲಿ ಭಾಷೆಯ ಪಾತ್ರವು ಸಣ್ಣದಲ್ಲ. ವಾಗದರಿಯ ಕಡೆಯ ರೋಗಿಯು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೋದರೆ ಕೇಸ್ ಪೇಪರು ಮರಾಠಿಯಲ್ಲಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ. ನೋವು ಮಾತ್ರ ಕನ್ನಡದಲ್ಲಿ. ಹೆಂಗಸರಲ್ಲಿ ಅನೇಕರು ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮರಾಠಿಯನ್ನು ಬಲ್ಲರಾದರೂ, ಮೈಯೊಳಗಿನ ಸಂಕಟವನ್ನು ಹೇಳುವ ಮಾತು ತಾಯ್ನುಡಿಯಲ್ಲಿಯೇ ಬರತಕ್ಕುದು. ಎರಡನ್ನೂ ಬಲ್ಲ ದಾದಿಯೊಬ್ಬಳು ವಾರ್ಡಿನಲ್ಲಿದ್ದರೆ ರೋಗಿಯ ಮುಖದ ಕಳೆಯೇ ಬೇರೆ.

ಇಂಥ ರೋಗಿಗಳು ಹಳ್ಳಿಗಳಲ್ಲಿ ಎಷ್ಟಿದ್ದಾರೆಂಬುದನ್ನು ತಿಳಿಯಲು, ಪುಣೆ–ಸೊಲ್ಲಾಪುರದ ಹೆದ್ದಾರಿಯ ಮೇಲಿರುವ ಭಿಗವಣ ಎಂಬ ಗ್ರಾಮದಲ್ಲಿ ಡಾಕ್ಟರ್ ಅರವಿಂದ ಚೋಪ್ರಾ ಅವರ ನೇತೃತ್ವದಲ್ಲಿ 1996ರಿಂದ ನಡೆದ ಸಮೀಕ್ಷೆಯನ್ನು ಇಲ್ಲಿ ನೆನೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದ ಆ ಕಾರ್ಯದಲ್ಲಿ ಮನೆಮನೆಗೂ ಹೋಗಿ 4,092 ವಯಸ್ಕರನ್ನು ವಿಚಾರಿಸಲಾಗಿ, ನೂರಕ್ಕೆ 18 ಮಂದಿಗೆ ಕೀಲು ಅಥವಾ ಮಾಂಸಖಂಡಗಳ ನೋವಿದ್ದುದೂ, ಇನ್ನೂರಕ್ಕೆ ಸುಮಾರು ಒಬ್ಬರಿಗೆ ಸಂಧಿವಾತವೇ ಇದ್ದುದೂ ಕಂಡುಬಂದಿತು. ಇದು ಪಟ್ಟಣದ ವ್ಯಾಧಿ, ಶ್ರೀಮಂತರ ವ್ಯಾಧಿ ಎಂಬ ಭ್ರಮೆ ಅದರಿಂದ ಹರಿಯಿತು. ಆ ಪ್ರಮಾಣದಲ್ಲಿ ಎಣಿಸಿದರೆ ಸಾವಿರ ವಯಸ್ಕರಿರುವ ಹಳ್ಳಿಯಲ್ಲಿ ನಾಲ್ಕೈದು ಜನರಿಗೆ ಈ ವ್ಯಾಧಿ ಇದ್ದೇ ಇರುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಈ ಸೇವೆಯು ಈಗ ಒಂದು ಸ್ವತಂತ್ರ ಶಾಖೆಯಾಗಿದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ದಾದಿಯೇ ನಡೆಸುವ ಸಂಧಿವಾತದ ಚಿಕಿತ್ಸಾಲಯವನ್ನು ವೈದ್ಯರ ಚಿಕಿತ್ಸಾಲಯದೊಡನೆ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವು, ದಾದಿಯ ಬಳಿಗೆ ಹೋದವರು ನೋವಿನಲ್ಲಿಯೂ ತಿಳಿವಳಿಕೆಯಲ್ಲಿಯೂ ಹಿಂದೆ ಬೀಳದೆ ಮುಂದೆಯೇ ಇದ್ದರೆಂದು ತೋರಿಸಿತು. ಯೂರೋಪಿನ ಸಂಧಿರೋಗ ತಜ್ಞರ ಒಕ್ಕೂಟವು 2012ರಲ್ಲಿ ದಾದಿಯ ಪಾತ್ರವನ್ನು ಕುರಿತು ಪ್ರತ್ಯೇಕ ಶಿಫಾರಸುಗಳನ್ನೇ ಹೊರಡಿಸಿತು. ನಮ್ಮಲ್ಲಿಯೂ ಹೀಗೆಯೇ ಆಗಬೇಕೆಂದು ಬರೆಯುವುದು ಸುಲಭ. ಆದರೆ ನಮ್ಮ ನೆಲಕ್ಕೆ ಹೊಂದುವ ಮಾರ್ಗವು ಬೇರೆಯೆಂದೂ, ಅದಕ್ಕೆ ಬೇಕಾದವಳು ಆಗಲೇ ಹಳ್ಳಿಯಲ್ಲಿದ್ದಾಳೆಂದೂ ನನ್ನ ಅಭಿಪ್ರಾಯ.

ಅವಳೇ ಉಪಕೇಂದ್ರದ ಸಿಸ್ಟರು. ಜನರ ಬಾಯಲ್ಲಿ ನರ್ಸಬಾಯಿ. ಬಸುರಿ ಬಾಣಂತಿಯರ ಆರೈಕೆ, ಮಕ್ಕಳ ಲಸಿಕೆ, ಕುಟುಂಬಯೋಜನೆ ಇವುಗಳಿಗೆಂದೇ ಅವಳನ್ನು ನೇಮಿಸಿದರು. ಅನಂತರ ಕ್ಷಯದ ಮಾತ್ರೆ, ಮಧುಮೇಹ, ರಕ್ತದೊತ್ತಡ, ಕ್ಯಾನ್ಸರಿನ ತಪಾಸಣೆಗಳು ಸೇರಿದವು. ಸಂಧಿವಾತವು ಆ ಪಟ್ಟಿಯಲ್ಲಿ ಇನ್ನೂ ಸ್ಥಾನ ಪಡೆದಿಲ್ಲ. ಹಾಗಿದ್ದರೂ ಅವಳ ಕೈಯಲ್ಲಿರುವ ದಫ್ತರಗಳನ್ನು ನೋಡಿ. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಹಾನಿಕರ; ಯಾರು ನವವಧು, ಯಾರು ಮಗುವನ್ನು ಬಯಸುತ್ತಿದ್ದಾಳೆ ಎಂಬ ವಿವರವು ಅವಳ ದಂಪತಿಗಳ ನೋಂದಣಿಯಲ್ಲಿದೆ. ಈಚಿನ ಜೈವಿಕ ಚುಚ್ಚುಮದ್ದುಗಳು ಅಡಗಿದ್ದ ಕ್ಷಯವನ್ನು ಕೆರಳಿಸಬಲ್ಲವು. ಯಾವ ಮನೆಯಲ್ಲಿ ಕ್ಷಯವಿದ್ದಿತೆಂಬುದನ್ನು ಅವಳಷ್ಟು ಬಲ್ಲ ತಜ್ಞನಿಲ್ಲ. ಊರಿನ ಆರೋಗ್ಯ ಕಾರ್ಯಕರ್ತೆ ಆಶಾತಾಯಿಯೊಡನೆ ಅವಳು ಊರೊಳಗೆ ಹೊರಡುವ ಹೊತ್ತಿಗೆ ಒಲೆಗಳು ಇನ್ನೂ ಉರಿಯುತ್ತಿರುತ್ತವೆ; ಯಾವ ಮನೆಯಲ್ಲಿ ತಾಯಿಯ ಬದಲು ಹತ್ತು ವರ್ಷದ ಮಗಳು ರೊಟ್ಟಿ ಬಡಿಯುತ್ತಿದ್ದಾಳೆ ಎಂಬುದು ಅವಳ ಕಣ್ಣಿಗೆ ಬೀಳುತ್ತದೆ.

ಅಂಥ ಮನೆಯ ಕಟ್ಟೆಯ ಮೇಲೆ ಅವಳು ಕುಳಿತು, "ಯವ್ವಾ, ಮುಂಜಾನಿ ಎದ್ದ ಮ್ಯಾಲ ಮುಷ್ಟಿ ಹಿಡೀಲಿಕ್ಕ ಎಷ್ಟೊತ್ತ ಆಗ್ತದ?" ಎಂದು ಕೇಳಿ, "ಬಿಸಲ ಏರೂತನಕ ಬಳ್ಳ ಮಡಚಂಗಿಲ್ರಿ ಬಾಯಿ" ಎಂಬ ಉತ್ತರವನ್ನು ಪಡೆದಳೆಂದರೆ ಅರ್ಧ ಪರೀಕ್ಷೆ ಮುಗಿದಂತೆಯೇ. ಸಂಧಿರೋಗ ತಜ್ಞರು 2002ರಲ್ಲಿ ಗೊತ್ತುಪಡಿಸಿದ ಗುರುತುಗಳು ಇಷ್ಟೇ: ಮೂರು ಅಥವಾ ಹೆಚ್ಚು ಕೀಲುಗಳು ಬಾತಿರುವುದು, ಬೆಳಗಿನ ಬಿಗಿತವು ಅರ್ಧ ಗಂಟೆಗೆ ಕಡಮೆಯಿಲ್ಲದೆ ಇರುವುದು, ಕೈಯ ಅಥವಾ ಪಾದದ ಬೆರಳುಗಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಒತ್ತಿದರೆ ನೋಯುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಜ್ಞರ ಬಳಿಗೆ ಕಳುಹಬೇಕು, ಏಕೆಂದರೆ ಮೊದಲ ಕೆಲವು ತಿಂಗಳುಗಳಲ್ಲಿ ಔಷಧ ಬಿದ್ದರೆ ಕೀಲುಗಳು ಉಳಿಯುತ್ತವೆ. ಇದಕ್ಕೆ ಯಂತ್ರ ಬೇಡ, ರಕ್ತ ತೆಗೆಯುವುದು ಬೇಡ; ಸಿಸ್ಟರಿಗೆ ಒಂದು ದಿನದ ತರಬೇತಿಯೂ, ಅವಳ ದಫ್ತರದಲ್ಲಿ ಸಂಧಿವಾತಕ್ಕೆಂದು ಒಂದು ಅಂಕಣವೂ, ಅವಳು ಬರೆದ ಚೀಟಿಗೆ ಸೊಲ್ಲಾಪುರದಲ್ಲಿ ಮನ್ನಣೆಯೂ ಬೇಕು.